ತಡೆದ ಚೆಂಡಿಗೆ ಲೆಕ್ಕ ಇಟ್ಟವರ‍್ಯಾರು? ಗುರುಪ್ರೀತ್ ಸಿಂಗ್ ಸಂಧು ನಡೆದು ಬಂದ ದಾರಿ

2023ರ ಜುಲೈ 4ರ ರಾತ್ರಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಾನೂ ಇದ್ದೆ. ಸ್ಯಾಫ್ ಚಾಂಪಿಯನ್‌ಶಿಪ್ ಫೈನಲ್. ಕುವೈತ್ ವಿರುದ್ಧ 1-1 ಸಮಬಲವಾಗಿ ಆಟ ಪೆನಾಲ್ಟಿ ಶೂಟೌಟ್‌ಗೆ ಹೋಯ್ತು. ಐದೈದು ಒದೆತದ ನಂತರವೂ ಸಮಸಮ. ಆರನೆಯದನ್ನು ಮಹೇಶ್ ಸಿಂಗ್ ಗೋಲಾಗಿಸಿದರು. ಕುವೈತ್‌ನ ಖಾಲಿದ್ ಹಾಜಿಯಾ ಒದ್ದ ಚೆಂಡನ್ನು ಗುರುಪ್ರೀತ್ ತಡೆದೇಬಿಟ್ಟರು. ಕಪ್ ನಮ್ಮದಾಯ್ತು. ಪಕ್ಕದಲ್ಲಿದ್ದ ಗುರುತು ಪರಿಚಯ ಇಲ್ಲದವರನ್ನೆಲ್ಲ ತಬ್ಬಿಕೊಂಡು ಕುಣಿದೆ.

ವರ್ಷ ತುಂಬುವಷ್ಟರಲ್ಲಿ ಅದೇ ಗೋಲ್‌ಕೀಪರನ್ನು ಟಿವಿ ಮುಂದೆ ಕೂತು ಬೈದವನೂ ನಾನೇ. ಅದಕ್ಕೇ ಈ ಬರಹ.

ಗುರುಪ್ರೀತ್ 1992ರಲ್ಲಿ ಪಂಜಾಬಿನ ಮೊಹಾಲಿಯಲ್ಲಿ ಹುಟ್ಟಿದವರು. ಚಂಡೀಗಢದ ಸೇಂಟ್ ಸ್ಟೀಫನ್ಸ್ ಅಕಾಡೆಮಿಯಲ್ಲಿ ಕಲಿತು ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. 2014ರಲ್ಲಿ ನಾರ್ವೆಯ ಸ್ಟಾಬೆಕ್ ಕ್ಲಬ್‌ಗೆ ಹೋದರು. 2016ರಲ್ಲಿ ಯುರೋಪಾ ಲೀಗ್ ಅರ್ಹತಾ ಪಂದ್ಯದಲ್ಲಿ ಗೋಲು ಕಾದು, ಆ ಟೂರ್ನಿಯಲ್ಲಿ ಆಡಿದ ಮೊದಲ ಭಾರತೀಯ ಎನಿಸಿಕೊಂಡರು. 2017ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದರು. 2018-19ರಲ್ಲಿ ತಂಡ ಐಎಸ್‌ಎಲ್ ಗೆದ್ದಿತು, ಗೋಲ್ಡನ್ ಗ್ಲೋವ್ ಇವರ ಪಾಲಾಯ್ತು. 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು.

ಆದರೆ ಇವರ ವೃತ್ತಿಬದುಕು ಅರ್ಥವಾಗಬೇಕಾದರೆ ದೋಹಾದ ಎರಡು ರಾತ್ರಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಮೊದಲನೆಯದು 2019ರ ಸೆಪ್ಟೆಂಬರ್ 10. ವಿಶ್ವಕಪ್ ಅರ್ಹತಾ ಪಂದ್ಯ, ಎದುರಿಗೆ ಏಷ್ಯಾ ಚಾಂಪಿಯನ್ ಕತಾರ್. ಸುನಿಲ್ ಛೆಟ್ರಿ ಇರಲಿಲ್ಲ, ಗುರುಪ್ರೀತ್ ನಾಯಕ. ಕತಾರಿಗಳು ಒಂದೇ ಸಮನೆ ದಾಳಿ ಮಾಡಿದರೂ ಅವರೊಬ್ಬರು ಗೋಡೆಯಂತೆ ನಿಂತರು. ಪಂದ್ಯ 0-0.

ಎರಡನೆಯದು 2024ರ ಜೂನ್ 11. ಅದೇ ಎದುರಾಳಿ. ಛೆಟ್ರಿ ಕೆಲವೇ ದಿನಗಳ ಹಿಂದೆ ನಿವೃತ್ತರಾಗಿದ್ದರಿಂದ ನಾಯಕತ್ವ ಮತ್ತೆ ಗುರುಪ್ರೀತ್‌ಗೆ. ಛಾಂಗ್ಟೆ ಗೋಲಿನಿಂದ ಭಾರತ ಮುಂದಿತ್ತು. 73ನೇ ನಿಮಿಷದಲ್ಲಿ ಗುರುಪ್ರೀತ್ ತಡೆದ ಚೆಂಡು ಗೆರೆ ದಾಟಿ ಹೊರಹೋಯಿತು. ಕತಾರಿನ ಆಟಗಾರ ಅದನ್ನು ಕಾಲಿನಿಂದ ಒಳಗೆಳೆದ, ಯೂಸುಫ್ ಐಮನ್ ಗೋಲು ಹೊಡೆದ. ರೆಫರಿ ಗೋಲು ಎಂದೇ ತೀರ್ಪಿತ್ತರು. ಮರುಪರಿಶೀಲಿಸಲು ಅಲ್ಲಿ ವಿಎಆರ್ ಇರಲಿಲ್ಲ. ಕೊನೆಗೆ 2-1 ಸೋಲು, ವಿಶ್ವಕಪ್ ಕನಸಿಗೂ ತೆರೆ.

'ಸೀಟಿ ಊದುವ ತನಕ ಆಡಬೇಕಿತ್ತಲ್ವಾ?' ಅಂತ ಅವತ್ತು ಬೈದಿದ್ದೆ. ಮಾತೇನೋ ಸರಿ. ಆದರೆ ಚೆಂಡು ಪೂರ್ತಿ ಗೆರೆ ದಾಟಿದರೆ ಅದು ಆಟದಿಂದ ಹೊರಗೆ ಅನ್ನೋದೂ ನಿಯಮವೇ. ಅದನ್ನು ನೋಡಬೇಕಾದವರು ರೆಫರಿ, ಗೋಲ್‌ಕೀಪರ್ ಅಲ್ಲ.

ಸ್ಟ್ರೈಕರ್ ಹತ್ತು ಅವಕಾಶ ಕೈಚೆಲ್ಲಿ ಒಂದು ಗೋಲು ಹೊಡೆದರೂ ಹೀರೋ. ಗೋಲ್‌ಕೀಪರ್ ಹತ್ತು ತಡೆದು ಒಂದು ಬಿಟ್ಟರೆ ನಮಗೆ ನೆನಪಿರೋದು ಆ ಒಂದೇ. ಸ್ಕೋರ್‌ಬೋರ್ಡ್ ಮೇಲೂ ಅದೊಂದೇ ಇರುತ್ತೆ. ಗುರುಪ್ರೀತ್ ಬಗ್ಗೆ ತೀರ್ಪು ಕೊಡುವ ಮುನ್ನ ಆ 0-0 ಪಂದ್ಯವನ್ನೂ ಒಮ್ಮೆ ನೋಡಿ. ನಾನು ನೋಡಿದ್ದು ಬೈದ ಮೇಲೆ.