ಪದ ಪರಿಚಯ: ಉತ್ಪರಿವರ್ತನೆ

ಸಂಸ್ಕೃತದ ‘ವೃತ್’ (ತಿರುಗು) ಧಾತುವಿನಿಂದ ಬಂದ ‘ಪರಿವರ್ತನೆ’ಗೆ ‘ಉತ್’ ಉಪಸರ್ಗ ಸೇರಿ ಆದ ಈ ಪದವು, ಡಚ್ ಸಸ್ಯವಿಜ್ಞಾನಿ ಹ್ಯೂಗೋ ಡಿ ವ್ರೀಸ್ 1901ರಲ್ಲಿ ಮಂಡಿಸಿದ ಸಿದ್ಧಾಂತದಿಂದ ಪ್ರಚುರವಾದ ‘ಮ್ಯುಟೇಶನ್’ಗೆ ಸಂವಾದಿಯಾಗಿ ಕನ್ನಡ ಪಠ್ಯಗಳಲ್ಲಿ ನೆಲೆಗೊಂಡಿದ್ದು, ಡಿಎನ್‌ಎಯ ಪ್ರತ್ಯಾಮ್ಲಗಳ, ಅಂದರೆ ಎ, ಟಿ, ಜಿ, ಸಿ ಎಂಬ ರಾಸಾಯನಿಕ ಘಟಕಗಳ, ಅನುಕ್ರಮದಲ್ಲಿ ಉಂಟಾಗಿ ಉಳಿಯುವ ಬದಲಾವಣೆಯನ್ನು ಸೂಚಿಸುತ್ತದೆ. ಒಂದು ಪ್ರತ್ಯಾಮ್ಲದ ಸ್ಥಾನಕ್ಕೆ ಇನ್ನೊಂದು ಬಂದರೆ ಅದು ಬಿಂದು ಉತ್ಪರಿವರ್ತನೆ. ಒಂದೆರಡು ಸೇರಿಕೊಂಡರೆ ಅಥವಾ ಲೋಪವಾದರೆ, ಮೂರು ಮೂರಾಗಿ ಓದಲ್ಪಡುವ ಸಂಕೇತದ ಚೌಕಟ್ಟೇ ಸರಿದು, ಅಲ್ಲಿಂದ ಮುಂದಿನ ಪ್ರೋಟೀನಿನ ರಚನೆ ಕೆಡುತ್ತದೆ.

ಕೋಶವಿಭಜನೆಗೆ ಮುನ್ನ ನಡೆಯುವ ನಕಲಿನ ದೋಷ, ಬಿಸಿಲಿನ ಅತಿನೇರಳೆ ಕಿರಣ, ತಂಬಾಕಿನ ಹೊಗೆಯ ರಾಸಾಯನಿಕಗಳು ಇದಕ್ಕೆ ಕಾರಣವಾಗುತ್ತವೆ. ಎಕ್ಸ್-ಕಿರಣಗಳೂ ಕಾರಣವೆಂಬುದನ್ನು ಹರ್ಮನ್ ಮುಲ್ಲರ್ 1927ರಲ್ಲಿ ಹಣ್ಣುನೊಣಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಅಂದಿನ ಮದ್ರಾಸ್ ರಾಜ್ಯದ ನೀಲಗಿರಿ ಬುಡಕಟ್ಟುಗಳಲ್ಲಿ ಲೇಮನ್ ಮತ್ತು ಕಟ್‌ಬುಶ್ 1952ರಲ್ಲಿ ವರದಿ ಮಾಡಿದ ಕುಡಗೋಲು ಕಣ ಲಕ್ಷಣವು ಬಿಂದು ಉತ್ಪರಿವರ್ತನೆಯ ಫಲವಾಗಿದ್ದು, ಹೀಮೋಗ್ಲೋಬಿನ್‌ನ ವಂಶವಾಹಿಯಲ್ಲಿ ‘ಜಿಎಜಿ’ ಎಂಬುದು ‘ಜಿಟಿಜಿ’ ಆಗುವುದರಿಂದ ಗ್ಲುಟಾಮಿಕ್ ಆಮ್ಲದ ಜಾಗದಲ್ಲಿ ವ್ಯಾಲಿನ್ ಕೂರುತ್ತದೆ.

ಕೊರೊನಾ ಕಾಲದಲ್ಲಿ ಪತ್ರಿಕೆಗಳಲ್ಲಿ ರೂಢಿಯಾದ ‘ರೂಪಾಂತರಿ’ಯು ಇಂತಹ ಬದಲಾವಣೆಗಳನ್ನು ಹೊತ್ತ ವೈರಸ್ಸನ್ನು ಹೆಸರಿಸುತ್ತದೆಯೇ ಹೊರತು ಬದಲಾವಣೆಯನ್ನಲ್ಲ, ಆದ್ದರಿಂದ ಎರಡನ್ನೂ ಪರ್ಯಾಯಪದಗಳಾಗಿ ಬಳಸುವುದು ಸರಿಯಲ್ಲ.