ಬಾಳೆಹಣ್ಣಿನ ವಾಸನೆಯ ಬ್ಯಾಕ್ಟೀರಿಯಾ

ವಿಶ್ವವಿದ್ಯಾಲಯದ ವಿಭಾಗವೊಂದರ ಚರಿತ್ರೆ ಬರೆಯುವವರು ಮುಖ್ಯಸ್ಥರ ಹೆಸರು, ಕಟ್ಟಡ, ಬಂದ ಅನುದಾನ ಇಷ್ಟನ್ನು ಹೇಳಿ ಮುಗಿಸುವುದುಂಟು. ಅಮೆರಿಕದ ಎಂಐಟಿಯ ಜೈವಿಕ ಎಂಜಿನಿಯರಿಂಗ್ ವಿಭಾಗದ ಬಗ್ಗೆಯೂ ಹಾಗೆ ಬರೆಯಬಹುದು: 1998ರಲ್ಲಿ ಶುರುವಾಯಿತು, 2005ರಲ್ಲಿ ಪದವಿ ತರಗತಿ ಬಂತು. ನನ್ನ ಕುತೂಹಲ ಇರುವುದು ಅದರ ಸುತ್ತ ಸೇರಿದ ಹುಡುಗ ಹುಡುಗಿಯರು ರಜೆಯಲ್ಲಿ ಮಾಡಿದ ಕೆಲಸದ ಬಗ್ಗೆ.

ಎಂಐಟಿಯಲ್ಲಿ ಎರಡು ಸೆಮಿಸ್ಟರುಗಳ ನಡುವೆ ಜನವರಿ ತಿಂಗಳು ಬಿಡುವು. ಇಷ್ಟಬಂದದ್ದನ್ನು ಕಲಿಯಬಹುದು. 2003ರ ಆ ಚಳಿಯಲ್ಲಿ ಟಾಮ್ ನೈಟ್, ಡ್ರೂ ಎಂಡಿ, ರಾಂಡಿ ರೆಟ್‌ಬರ್ಗ್, ಜೆರಾಲ್ಡ್ ಸಸ್ಮನ್ ಸೇರಿ ಒಂದು ಕೋರ್ಸ್ ನಡೆಸಿದರು. ಮಿಣುಕು ದೀಪದಂತೆ ಹೊತ್ತಿ ಆರುವ ಬ್ಯಾಕ್ಟೀರಿಯಾವನ್ನು ವಿನ್ಯಾಸ ಮಾಡಬೇಕು, ಅಷ್ಟೆ. ನೈಟ್ ಮೂಲತಃ ಕಂಪ್ಯೂಟರಿನವರು. ನಟ್ಟು ಬೋಲ್ಟಿಗೆ ಅಳತೆ ಇರುವಂತೆ ಡಿಎನ್‌ಎ ತುಂಡುಗಳಿಗೂ ಒಂದೇ ಅಳತೆಯ ಕೊನೆಗಳಿದ್ದರೆ ಯಾರು ಬೇಕಾದರೂ ಜೋಡಿಸಬಹುದು ಎಂಬುದು ಅವರ ವಾದ. ಮರುವರ್ಷ ಐದು ವಿಶ್ವವಿದ್ಯಾಲಯಗಳು ಸೇರಿದವು. ಅದೇ ಐಜೆಮ್ ಸ್ಪರ್ಧೆಯಾಗಿ ಬೆಳೆಯಿತು.

2006ರ ಎಂಐಟಿ ತಂಡದ ಕೆಲಸ ನನಗೆ ಅಚ್ಚುಮೆಚ್ಚು. ಇ. ಕೊಲೈ ನಾರುತ್ತದೆ. ನಾನೂ ಅದನ್ನು ಬೆಳೆಸುವವಳೇ. ಇನ್‌ಕ್ಯುಬೇಟರಿನ ಬಾಗಿಲು ತೆಗೆದರೆ ಗೊತ್ತಾಗುತ್ತದೆ. ಆ ನಾತಕ್ಕೆ ಕಾರಣ ಇಂಡೋಲ್. ಇಂಡೋಲ್ ತಯಾರಿಸದ ತಳಿಯೊಂದನ್ನು ತಂಡ ಆರಿಸಿಕೊಂಡಿತು. ಪೆಟೂನಿಯಾ ಹೂವಿನ ಜೀನ್ ಸೇರಿಸಿದಾಗ ವಿಂಟರ್‌ಗ್ರೀನ್ ಪರಿಮಳ ಬಂತು. ನಮ್ಮಲ್ಲಿ ಮಂಡಿನೋವಿಗೆ ಹಚ್ಚುವ ಮುಲಾಮಿನ ವಾಸನೆ ಎನ್ನಬಹುದು. ಯೀಸ್ಟಿನ ಜೀನಿನಿಂದ ಬಾಳೆಹಣ್ಣಿನ ವಾಸನೆ. ಬೆಳೆಯುವಾಗ ಮುಲಾಮು, ಬೆಳವಣಿಗೆ ನಿಂತ ಮೇಲೆ ಬಾಳೆಹಣ್ಣು. ತಮಾಷೆಯಂತೆ ಕಂಡರೂ ಜೀನನ್ನು ಬೇಕಾದ ಹೊತ್ತಿಗೆ ಚಾಲೂ ಮಾಡುವುದು ಹೇಗೆಂಬ ಪಾಠ ಇದರಲ್ಲಿದೆ. ಮುಂದೆ ನಟಾಲಿ ಕುಲ್ಡೆಲ್ ಕಟ್ಟಿದ ಬಯೋಬಿಲ್ಡರ್ ಮೂಲಕ ಇದೇ ಪ್ರಯೋಗ ಶಾಲೆಗಳಿಗೂ ಹೋಯಿತು.

ಪ್ರತಿ ತಂಡಕ್ಕೂ ಸಾಮೂಹಿಕ ಭಂಡಾರದಿಂದ ಡಿಎನ್‌ಎ ತುಂಡುಗಳು ಸಿಗುತ್ತಿದ್ದವು; ತಾವು ಹೊಸದಾಗಿ ಮಾಡಿದ್ದನ್ನು ತಿರುಗಿ ಅಲ್ಲಿಗೇ ಕೊಡಬೇಕಿತ್ತು. ನಮ್ಮ ಹಳ್ಳಿಗಳ ಮುಯ್ಯಾಳಿನ ಹಾಗೆ: ಇವತ್ತು ನಿಮ್ಮ ಗದ್ದೆಯ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಭಂಡಾರದ ಎಷ್ಟೋ ತುಂಡುಗಳು ಹೇಳಿದಂತೆ ಕೆಲಸ ಮಾಡುತ್ತಿರಲಿಲ್ಲ ಎಂಬ ದೂರೂ ನಿಜವೇ. ಬೇಸಿಗೆ ರಜೆ ಮುಗಿಯುವ ಅವಸರದಲ್ಲಿ ಬರೆದ ವಿವರಗಳು ಅವು. ಹಾಗಿದ್ದರೂ ನನ್ನ ಮತ ಆ ಭಂಡಾರದ ಪರ. ಒಂದು ಪ್ಲಾಸ್ಮಿಡ್ ಕಳಿಸಿಕೊಡಿ ಎಂದು ಒಂದು ಲ್ಯಾಬಿಗೆ ಬರೆದು, ಉತ್ತರ ಬಾರದೆ ಏಳು ತಿಂಗಳು ಕಾದವಳು ನಾನು. ಪಿಎಚ್‌ಡಿಯಲ್ಲಿ ಏಳು ತಿಂಗಳೆಂದರೆ ಫೆಲೋಶಿಪ್ಪಿನ ದುಡ್ಡು, ಅಧ್ಯಾಯದ ಗಡುವು, ಮನೆಯವರ ತಾಳ್ಮೆ ಎಲ್ಲವೂ.

ಈ ಕತೆ ಬೆಂಗಳೂರಿಗೂ ಬಂತು. 2009ರಲ್ಲಿ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಯಶಸ್ ಶೆಟ್ಟಿ ಮತ್ತು ಎನ್‌ಸಿಬಿಎಸ್‌ನ ಮುಕುಂದ್ ತಟ್ಟೈ ಅವರ ಜೊತೆ ಸ್ಪರ್ಧೆಗೆ ಇಳಿದರು. ಜೀವಶಾಸ್ತ್ರ ಓದಿದವರಲ್ಲ, ವಿನ್ಯಾಸ ಕಲಿಯುತ್ತಿದ್ದವರು. ಅವರು ಆರಿಸಿಕೊಂಡದ್ದು ಜಿಯೋಸ್ಮಿನ್, ಅಂದರೆ ಮೊದಲ ಮಳೆಗೆ ಮಣ್ಣಿನಿಂದ ಏಳುವ ಘಮ. ಮಣ್ಣಿನಲ್ಲಿ ಅದನ್ನು ಹೊರಬಿಡುವುದು ಮುಖ್ಯವಾಗಿ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ. ಆ ಘಮವನ್ನು ಇ. ಕೊಲೈಯಿಂದ ಹೊರಡಿಸುವುದು ಇವರ ಕೆಲಸ. ಲಕ್ಷ ಕೋಟಿಯಲ್ಲಿ ಕೆಲವೇ ಭಾಗದಷ್ಟಿದ್ದರೂ ಮನುಷ್ಯರ ಮೂಗು ಜಿಯೋಸ್ಮಿನ್ನನ್ನು ಹಿಡಿಯುತ್ತದೆ. ದುಬಾರಿ ಯಂತ್ರಗಳಿಲ್ಲದವರೂ ಮುಚ್ಚಳ ತೆಗೆದು ಮೂಸಿ ನೋಡಬಹುದಿತ್ತು.