ನೆತ್ತಿಯ ಮೇಲಿನ ಕ್ಯಾಮೆರಾ

2023ರಲ್ಲಿ ಬಂದ 'ಜಾನ್ ವಿಕ್: ಚಾಪ್ಟರ್ 4' ನೋಡಿದವರು ಮರೆಯದ ದೃಶ್ಯವೊಂದಿದೆ. ಪ್ಯಾರಿಸ್ಸಿನ ಪಾಳುಮನೆಯೊಂದಕ್ಕೆ ನಾಯಕ ನುಗ್ಗುತ್ತಾನೆ. ಕ್ಯಾಮೆರಾ ಮೆಲ್ಲಗೆ ಮೇಲೇರಿ, ಮನೆಗೆ ಸೂರೇ ಇಲ್ಲವೇನೋ ಎಂಬಂತೆ ನೆತ್ತಿಯ ಮೇಲಿಂದ ನೋಡತೊಡಗುತ್ತದೆ. ಬಂದೂಕಿನ ಬಾಯಿಂದ ಬೆಂಕಿ ಚಿಮ್ಮುತ್ತದೆ. ಗೋಡೆಯಾಚೆ ಹೊಂಚು ಹಾಕಿದವರು ಅವನಿಗಿಂತ ಮೊದಲು ನಮಗೇ ಕಾಣುತ್ತಾರೆ. ವಿಡಿಯೋ ಗೇಮ್ ಆಡಿದವರಿಗೆ ಇದು ಪರಿಚಿತ ನೋಟ. ನಿರ್ದೇಶಕ ಚಾಡ್ ಸ್ಟಹೆಲ್ಸ್ಕಿ ಸಾಲವನ್ನು ಮುಚ್ಚಿಡಲಿಲ್ಲ. ಸ್ವೀಡನ್ನಿನ ಪುಟ್ಟ ತಂಡವೊಂದು 2019ರಲ್ಲಿ ಹೊರತಂದ 'ದಿ ಹಾಂಗ್‌ಕಾಂಗ್ ಮ್ಯಾಸಕರ್' ಎಂಬ ಆಟವೇ ಇದಕ್ಕೆ ಪ್ರೇರಣೆ ಎಂದರು.

ಆ ಆಟವಾದರೂ ಸಿನಿಮಾದ ಋಣದಲ್ಲೇ ಹುಟ್ಟಿದ್ದು. ಎರಡೂ ಕೈಯಲ್ಲಿ ಪಿಸ್ತೂಲು, ಗಾಳಿಯಲ್ಲಿ ತೇಲುವ ದೇಹ, ಗುಂಡು ಹಾರುವಾಗ ನಿಧಾನವಾಗುವ ಕಾಲ: ಇವೆಲ್ಲ ಹಾಂಗ್‌ಕಾಂಗಿನ ಜಾನ್ ವೂ ತಮ್ಮ ಚಿತ್ರಗಳಲ್ಲಿ ಬೆಳೆಸಿದ ಭಾಷೆ. 2001ರಲ್ಲಿ ಫಿನ್‌ಲ್ಯಾಂಡಿನ 'ಮ್ಯಾಕ್ಸ್ ಪೇನ್' ಆಟ ಕಾಲವನ್ನು ನಿಧಾನಗೊಳಿಸುವ ಆ ಶಕ್ತಿಯನ್ನು ಆಡುವವನ ಬೆರಳಿಗೇ ಕೊಟ್ಟಿತು.

ಹೀಗೆ ಕೈ ಬದಲಾಯಿಸುವಾಗ ಏನು ಉಳಿಯಿತು, ಏನು ಜಾರಿಹೋಯಿತು? ವೂ ಅವರ 'ಹಾರ್ಡ್ ಬಾಯಿಲ್ಡ್' (1992) ಚಿತ್ರದ ಆಸ್ಪತ್ರೆಯ ಕಾಳಗವನ್ನೇ ನೋಡಿ. ಎರಡೂವರೆ ನಿಮಿಷಕ್ಕೂ ಮಿಕ್ಕಿದ ಒಂದೇ ಶಾಟ್. ಇಬ್ಬರು ಪೊಲೀಸರು ಒಂದು ಮಹಡಿ ತೆರವು ಮಾಡಿ ಲಿಫ್ಟ್ ಹತ್ತುತ್ತಾರೆ. ಬಾಗಿಲು ಮುಚ್ಚಿರುವಷ್ಟು ಹೊತ್ತಿನಲ್ಲಿ ಹೊರಗೆ ತಂತ್ರಜ್ಞರು ಅದೇ ಸೆಟ್ಟನ್ನು ಇನ್ನೊಂದು ಮಹಡಿಯಾಗಿ ಬದಲಿಸುತ್ತಾರೆ. ಆಟದ 'ಲೆವೆಲ್' ಅನ್ನುವುದು ಇದೇ ಅಲ್ಲವೇ! ಆದರೆ ಆ ಲಿಫ್ಟಿನೊಳಗೆ ಟೋನಿ ಲಿಯುಂಗ್ ಪಾತ್ರ ಕುಸಿದಿದೆ. ಅವನ ಗುಂಡಿಗೆ ಸಿಕ್ಕವನು ಒಬ್ಬ ಪೊಲೀಸ್. ಗುಂಡಿನ ಸದ್ದು ನಿಂತು, ಮುಖವೊಂದನ್ನು ನೋಡಲು ನಮಗೆ ಸಮಯ ಸಿಗುತ್ತದೆ.

ಆಟಗಳಿಗೆ ಇಂಥ ಮೌನ ತಿಳಿಯದು ಎಂದರೆ ಅನ್ಯಾಯವಾದೀತು. 2012ರ 'ಹಾಟ್‌ಲೈನ್ ಮಯಾಮಿ'ಯೂ ನೆತ್ತಿಯಿಂದ ಕಾಣುವ ಆಟ, ಅದೂ ಸ್ವೀಡನ್ನಿನದೇ. ಹಿಂದಿನ ವರ್ಷ ಬಂದಿದ್ದ 'ಡ್ರೈವ್' ಚಿತ್ರದ ನೆರಳು ಅದರ ಮೇಲೆ ಢಾಳಾಗಿದೆ. ಅಬ್ಬರದ ಸಂಗೀತದಲ್ಲಿ ಮೈಮರೆತು ಕೊಲ್ಲುತ್ತ ಹೋಗುತ್ತೇವೆ. ಕೊನೆಯವನು ಬಿದ್ದೊಡನೆ ಸಂಗೀತ ನಿಲ್ಲುತ್ತದೆ. ಹೊರಗೆ ನಿಂತ ಕಾರಿಗೆ, ನಾವೇ ಕೆಡವಿದ ಹೆಣಗಳ ನಡುವೆ ನಡೆದು ಹೋಗಬೇಕು. ನನ್ನ ಮಟ್ಟಿಗೆ ವೂ ಅವರ ಲಿಫ್ಟಿಗೆ ನಿಜವಾದ ವಾರಸುದಾರ ಆ ನಡಿಗೆ.

'ಜಾನ್ ವಿಕ್' ಆ ನೋಟವನ್ನು ಪಡೆಯಿತು, ನಡಿಗೆಯನ್ನು ಬಿಟ್ಟಿತು. ಮೇಲಿನಿಂದ ಸಾಯುವವರ ಮುಖ ಕಾಣದು, ಬರಿಯ ತಲೆ, ಹೆಗಲು, ಕಿಡಿ. ಬೆರಗು ಹುಟ್ಟುತ್ತದೆ, ಆದರೆ ಯಾರು ಸತ್ತರೆಂಬುದು ತಟ್ಟುವುದಿಲ್ಲ.

ಸ್ಟಹೆಲ್ಸ್ಕಿ ಮೊದಲು ಸ್ಟಂಟ್ ಕಲಾವಿದ, 'ಮೇಟ್ರಿಕ್ಸ್'ನಲ್ಲಿ ಕಿಯಾನು ರೀವ್ಸ್‌ಗೆ ಬದಲಿಯಾಗಿ ಬಿದ್ದವರು. ಬೀಳುವ ದೇಹದ ನೋವು ಅವರಿಗೆ ಗೊತ್ತು. ಅದಕ್ಕೇ ಇರಬೇಕು, ತುಸು ಹೊತ್ತಿನಲ್ಲೇ ಕ್ಯಾಮೆರಾ ನೆಲಕ್ಕಿಳಿಯುತ್ತದೆ. ಮೋಂಮಾರ್ತ್ ಗುಡ್ಡದ 222 ಮೆಟ್ಟಿಲುಗಳನ್ನು ಹೆಚ್ಚುಕಡಿಮೆ ಹತ್ತಿದ ನಾಯಕ ಉರುಳಿ ಉರುಳಿ ತಳಕ್ಕೇ ಬೀಳುತ್ತಾನೆ. ಮತ್ತೆ ಮೊದಲಿನಿಂದ ಶುರು, ಸೋತ ಆಟದ ಹಾಗೆ. ಆದರೆ ಆಟದಲ್ಲಿ ಹೊಸ ಜೀವ ಸಿಗುತ್ತದೆ, ಇಲ್ಲಿ ಅದೇ ಜಜ್ಜಿದ ಮೈ. ಈ ಸಲ ಅವನ ಜೊತೆಗೂಡಿ ಮೇಲೆ ಹತ್ತಿಸುವ ಕುರುಡ ಕೊಲೆಗಾರನ ಪಾತ್ರದಲ್ಲಿರುವವರು ಡಾನಿ ಯೆನ್, ಹಾಂಗ್‌ಕಾಂಗ್ ಸಿನಿಮಾದಲ್ಲೇ ಬೆಳೆದ ನಟ.